ದಸರಾ ತನಕ ಬಚ್ಚಲೊಲೆ

ಬಸ್ ಕಂಡಕ್ಟರ್ ಪ್ರದೀಪನಿಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ಬರುತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನರಸಿಂಹರಾಜಪುರದಿಂದ ಕೊಪ್ಪದ ಮೇಲೆ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಟಿಕೆಟ್ ಹರಿಯುತ್ತಿದ್ದಾನೆ. ಯಾರ ಮನೆಗೆ ಔಷಧಿ ತಲುಪಿಸಬೇಕು, ಯಾರಿಗೆ ಕೆಲಸದವರು ಬೇಕು, ಎಲ್ಲ ಅವನಿಗೇ ಮೊದಲು ಗೊತ್ತು. ಪರವೂರಿನವರು ‘ರೂಮ್ ಸಿಗುತ್ತಾ?’ ಎಂದರೆ ಸಾಕು, ಕಿಗ್ಗದಿಂದ ಭಂಡಿಗಡಿಯ ತನಕ ಇರುವ ಹೋಂಸ್ಟೇಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಕಮಿಷನ್ ಆಸೆಗಲ್ಲ ಪಾಪ, ತನಗೆ ಗೊತ್ತಿದೆಯೆಂಬ ಹೆಮ್ಮೆಗೆ.

ಆ ಹೆಮ್ಮೆಯೇ ಕೆಲಸ ಕೆಡಿಸಿತು. ಕೊಪ್ಪದಲ್ಲಿ ಅವನ ಮನೆ ಮಾಲೀಕರು ಯಜ್ಞೇಶ. ಒಂದು ಭಾನುವಾರ ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತವನು, "ನಿಮ್ಮ ಹಿಂದಿನ ಮನೆ ಉಂಟಲ್ಲ, ಒಂದು ಕೋಟ್ ಪೇಂಟ್ ಹೊಡ್ದು ಗೀಸರ್ ಹಾಕಿದ್ರೆ ದಿನಕ್ಕೆ ಎರಡು ಸಾವ್ರ ಎಲ್ಲೂ ಹೋಗಲ್ಲ ಮಾರಾಯ್ರೆ!" ಎಂದುಬಿಟ್ಟ. ಆ ಹಿಂದಿನ ಮನೆಯಲ್ಲಿ ತಿಂಗಳಿಗೆ ನಾಲ್ಕು ಸಾವಿರ ಕೊಟ್ಟು ಇರುವವನು ತಾನೇ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಮರೆತೇ ಹೋಗಿತ್ತು. ಯಜ್ಞೇಶರಿಗೆ ಮರೆತಿರಲಿಲ್ಲ. ಹದಿನೈದು ದಿನ ಬಿಟ್ಟು, ಬಹಳ ಸಂಕೋಚದಿಂದಲೇ, ಬೇಸಿಗೆ ರಜೆಯೊಳಗೆ ಮನೆ ಬಿಟ್ಟುಕೊಡಿ ಎಂದರು.

"ತಮ್ಮ ಕಾಲ ಮೇಲೆ ಕಲ್ಲು ಹಾಕ್ಕೊಂಡೋರನ್ನ ನೋಡಿದ್ದೆ. ನೀವು ಹೆಂಡ್ತಿ ಮಗಳ ಕಾಲ ಮೇಲೂ ಹಾಕಿದ್ರಿ" ಎಂದಳು ಹೆಂಡತಿ ಸೌಂದರ್ಯಾ.

ಊರಿಗೆಲ್ಲ ಮನೆ ಹುಡುಕಿಕೊಟ್ಟವನಿಗೆ ಒಂದು ಮನೆ ಸಿಗಲಿಲ್ಲ ನೋಡಿ! ಖಾಲಿ ಇದ್ದವುಗಳ ಎದುರೆಲ್ಲ ಹೋಂಸ್ಟೇ ಬೋರ್ಡು. ಬೋರ್ಡಿಲ್ಲದ ಒಂದಕ್ಕೆ ಒಂಬತ್ತು ಸಾವಿರ ಬಾಡಿಗೆ, ಲಕ್ಷ ಅಡ್ವಾನ್ಸು. ಅವನ ಸಂಬಳ ಹದಿನೈದು ದಾಟಿರಲಿಲ್ಲ. ಕೊನೆಗೆ ನರಸಿಂಹರಾಜಪುರದ ಅಂಚಿನಲ್ಲಿ ಎರಡು ಕೋಣೆ ಸಿಕ್ಕಿತು. ಸೌಂದರ್ಯಾ ಕೊಪ್ಪದ ಬಟ್ಟೆ ಅಂಗಡಿಯ ಕೆಲಸ ಬಿಟ್ಟಳು. ಮಗಳು ನಿಶ್ಚಿತಾ ಎಸ್ಸೆಸ್ಸೆಲ್ಸಿ. ಕೊನೆಯ ವರ್ಷದಲ್ಲಿ ಶಾಲೆ ಬದಲಿಸುವುದು ಬೇಡವೆಂದು ಅಪ್ಪನ ಬಸ್ಸಿನಲ್ಲೇ ಕೊಪ್ಪಕ್ಕೆ ಬರತೊಡಗಿದಳು. ಮೊದಲು ಹತ್ತು ನಿಮಿಷದ ನಡಿಗೆ. ಈಗ ಎಷ್ಟು ಬೇಗ ಎದ್ದರೂ ಬಸ್ಸು ತಲುಪುವಷ್ಟರಲ್ಲಿ ಬೆಳಗಿನ ಸ್ಪೆಷಲ್ ಕ್ಲಾಸು ತಪ್ಪಿಹೋಗುತ್ತಿತ್ತು. ಗಣಿತ ನಡೆಯುವುದು ಅದೇ ಕ್ಲಾಸಿನಲ್ಲಿ. ಹುಡುಗಿ ದೂರಲಿಲ್ಲ. ದೂರಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಜುಲೈ ಅರ್ಧ ಕಳೆದಿರಬೇಕು. ಸಂಜೆ ಬಸ್ಸು ಕೊಪ್ಪ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಯಜ್ಞೇಶರು ಕೊಡೆ ಹಿಡಿದು ಫುಟ್‌ಬೋರ್ಡಿನ ಹತ್ತಿರ ಬಂದರು.

"ಎಂತ ಹೇಳೂದು ಮಾರಾಯ, ಮನೆಗೆಲ್ಲ ಬೂಷ್ಟು ಹಿಡ್ದು ಹೋಯ್ತು. ಹೊಸ ಹಾಸಿಗೆ ಹಸಿರಾಗಿದೆ. ಮಳೆಗೆ ಒಬ್ರೂ ಬರ್ಲಿಲ್ಲ."

ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಮನೆ ಒಣಗುವುದು ಬಚ್ಚಲೊಲೆಯ ಬಿಸಿಗೆ, ಹೊಗೆಗೆ. ಗೀಸರ್ ಬಂದ ಮೇಲೆ ಆ ಒಲೆಗೆ ಬೆಂಕಿ ಬಿದ್ದಿರಲಿಲ್ಲ.

"ನೀವು ಬಂದು ಇರಿ. ಬಾಡಿಗೆ ಬೇಡ. ಒಲೆ ಉರೀತಾ ಇದ್ರೆ ಸಾಕು" ಎಂದರು ಯಜ್ಞೇಶ.

ಪ್ರದೀಪನ ಮುಖ ಅರಳಿತು. "ಎಷ್ಟು ದಿನಕ್ಕೆ?"

"ದಸರಾ ತನಕ. ದಸರಾ ರಜೆಗೆ ಬುಕಿಂಗ್ ಉಂಟಲ್ಲ."

ಅವನ ಪಿತ್ತ ನೆತ್ತಿಗೇರಿತು. "ನಾವೇನು ಹೊಗೆ ಹಾಕೋ ಕೂಲಿಗಳಾ? ಕೊಡೂದಾದ್ರೆ ವರ್ಷ ಪೂರ್ತಿ ಕೊಡಿ, ಬಾಡಿಗೆನೂ ತಗೊಳ್ಳಿ. ಇಲ್ದಿದ್ರೆ ಆ ಬೂಷ್ಟಿನ ಹತ್ರಾನೇ ಬಾಡಿಗೆ ವಸೂಲಿ ಮಾಡ್ಕೊಳ್ಳಿ!" ಎಂದವನೇ ಸೀಟಿ ಊದಿದ. "ರೈಟ್!"

ಬಸ್ಸೆಲ್ಲ ಗೊಳ್ಳೆಂದು ನಕ್ಕಿತು. ಮುಂದಿನ ಸೀಟಿನ ಬಸವಮ್ಮ, "ಸರಿಯಾಗಿ ಹೇಳ್ದೆ ಕಣೋ" ಎಂದು ಬೆನ್ನು ತಟ್ಟಿದರು. ಹದಿನಾಲ್ಕು ವರ್ಷದಲ್ಲಿ ಇಷ್ಟು ಎದೆಯುಬ್ಬಿಸಿಕೊಂಡು ಅವನು ಟಿಕೆಟ್ ಕೊಟ್ಟದ್ದಿಲ್ಲ. ಹಾಗೇ ಹಿಂದೆ ಹೋಗಿ ಮಗಳ ಸೀಟಿನ ಹತ್ತಿರ ನಿಂತ.

ಅವಳು ನಗುತ್ತಿರಲಿಲ್ಲ.

"ಅಪ್ಪ, ದಸರಾ ತನಕ ಅಂದ್ರೆ ಎರಡೂವರೆ ತಿಂಗಳು ಸ್ಪೆಷಲ್ ಕ್ಲಾಸ್ ಸಿಗ್ತಿತ್ತು" ಎಂದಳು, ಮೆಲ್ಲಗೆ, ಮಳೆ ಬರ್ತಿದೆ ಎಂದಷ್ಟೇ ಸಹಜವಾಗಿ.

ಪ್ರದೀಪ ಮೇಲಿನ ಸರಳು ಹಿಡಿದುಕೊಂಡು ನಿಂತೇ ಇದ್ದ. ಇನ್ನೊಂದು ಸಲ ಬಾಯಿ ಅವನನ್ನು ಕೆಡಿಸಿತ್ತು. ಆದರೆ ಈ ಸಲ ಆಡಿದ್ದು ಸುಳ್ಳಲ್ಲ, ತಪ್ಪೂ ಅಲ್ಲ. ಎರಡು ಸ್ಟಾಪ್ ದಾಟಿದ ಮೇಲೆ ಫೋನ್ ತೆಗೆದ. ಮುಂದೆ ಬಸವಮ್ಮ ಹಿಂದಕ್ಕೆ ತಿರುಗಿ ಕಿವಿ ನಿಮಿರಿಸಿಕೊಂಡೇ ಕೂತಿದ್ದರು. ಕೇಳಿಸಿಕೊಳ್ಳಲಿ ಎಂದುಕೊಂಡ.

"ಯಜ್ಞೇಶಣ್ಣ, ನಾನು ಪ್ರದೀಪ. ಭಾನುವಾರ ಬರ್ತೇವೆ. ದಸರಾ ತನಕ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. "ಸೌದೆ ಮಾತ್ರ ನಿಮ್ದು ಮತ್ತೆ."

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಬಸವಮ್ಮ ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ನಿಶ್ಚಿತಾ ಆಗಲೇ ಪುಸ್ತಕ ತೆಗೆದು ಪಾಠಗಳ ಪಟ್ಟಿಯ ಮೇಲೆ ಬೆರಳು ಓಡಿಸುತ್ತಿದ್ದಳು.

"ದಸರಾದೊಳಗೆ ಗಣಿತ ಮುಗಿಸ್ತೇನೆ ಅಪ್ಪ" ಎಂದಳು. "ಉಳಿದದ್ದನ್ನ ಬಸ್ಸಲ್ಲಿ ಓದಬಹುದು."