ನುಣುಪು ದಂಡೆ

ನಲ್ಲಿಯ ನೀರು ತಣ್ಣಗಿದೆ, ಉಗುರಿನ ಸಂದಿಯ ಜೇಡಿ ಮಾತ್ರ ಬಿಡುತ್ತಿಲ್ಲ, ಗಾರೆ ತಾತ ಕೆರೆಯುತ್ತಲೇ ಇದ್ದಾನೆ, ನಿನ್ನೆ ಸಂಜೆಯದು ಇದು, ನಲವತ್ತು ವರ್ಷ ಗೋಡೆ ಕಟ್ಟಿದ ಕೈಗೆ ಮಣ್ಣು ಅಂಟುವುದೇನು ಹೊಸದೇ — ಹಿಂದಿನ ಸಾಮಾನಿನ ಕೋಣೆಯಲ್ಲಿ ಈ ಜಾಗ ನೋಡಿಕೊಳ್ಳುವ ಹಕ್ಕಿ ಮೇಡಂ ಅವನ ಷಡ್ಡಕನನ್ನು ಬೈಯುತ್ತಿದ್ದಾರೆ, ಕಾವಲಿಗಿದ್ದೋರು ನೀವಲ್ವಾ, ಕಣ್ಣು ಎಲ್ಲಿಟ್ಟಿದ್ರಿ, ಷಡ್ಡಕ ಪಾಪ, ದೇವರಾಣೆ ನಂಗೊತ್ತಿಲ್ಲ ಮೇಡಂ — ಗೊತ್ತಿರುವುದು ಈ ಕೈಗೆ. ಮರಳು ಬಗೆದು ಬಗೆದು ಹಾಳುಬಿದ್ದ ಗುಂಡಿ ಇದು, ಒಂದು ಗುಬ್ಬಿಯೂ ಇಳಿಯುತ್ತಿರಲಿಲ್ಲ, ಎರಡು ವರ್ಷ ಎಲ್ಲರೂ ಸೇರಿ ನೀರು ನಿಲ್ಲಿಸಿದರು, ಜೊಂಡು ನೆಟ್ಟರು, ಈ ಮಗ್ಗುಲಿನ ದಂಡೆ ಗೋಡೆ ಹಾಗೆ ನೆಟ್ಟಗೆ ಕಡೀರಿ ಅಂದರು ಮೇಡಂ, ಯಾಕೆಂದು ಹೇಳಿದ್ದರೋ ಏನೋ, ಅವನ ಕಣ್ಣು ತೂಗುಗುಂಡಿನ ಮೇಲಿತ್ತು, ಕಡಿದು ಹೋದವನು ಮತ್ತೆ ಇತ್ತ ಬಂದದ್ದು ನಿನ್ನೆಯೇ. ನಾಳೆ ದೊಡ್ಡವರು ನೋಡೋಕೆ ಬರ್ತಾರೆ ತಾತ, ಜಾಗ ಅಚ್ಚುಕಟ್ಟಾಗಿರ್ಲಿ ಅಂದಿದ್ದರು ಮೇಡಂ, ಅಷ್ಟೇ ಸಾಕಾಯಿತು. ದಂಡೆ ತುಂಬ ತೂತು, ಇಲಿ ಬಿಲ, ತನ್ನ ಗೋಡೆಗೆ ಸಿಡುಬು ಎದ್ದ ಹಾಗೆ, ಷಡ್ಡಕ ಯಾವಾಗಲೂ ನಗುತ್ತಿದ್ದ, ಅಣ್ಣ, ನಿಮ್ಮ ಕೈಗೆ ಸಿಕ್ಕಿದ್ರೆ ಚಂದ್ರನ ಗುಳೀನೂ ಮುಚ್ತೀರಿ — ಜೇಡಿ ಕಲಸಿದ, ಒಂದೊಂದಕ್ಕೂ ಉಂಡೆ ತುರುಕಿ ಕರಣೆ ಎಳೆದ, ಕನ್ನಡಿ ಹಾಗೆ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ ನಕ್ಕ, ಥೂ. ಕೊನೆಯ ತೂತಿನೊಳಗೆ ಚಿರ್ ಎಂದಿತ್ತು. ಕೇಳಿಸಿತ್ತು. ಜೀರುಂಡೆ ಇರಬೇಕು ಅಂದುಕೊಂಡ, ಹೆಬ್ಬೆರಳಿನಿಂದ ಇನ್ನಷ್ಟು ಒತ್ತಿದ. ಬೆಳಿಗ್ಗೆ ಬಂದರೆ ಒಂದು ಹಸಿರು ಹಕ್ಕಿ, ಕೊಕ್ಕಿನಲ್ಲಿ ಜೇನುನೊಣ, ನುಣುಪು ಮಣ್ಣಿಗೆ ಬಂದು ಬಡಿದು, ಹಿಂದೆ ಸರಿದು, ಮತ್ತೆ ಬಡಿದು. ಮೇಡಂ ಚಮಚದಲ್ಲಿ ಒಂದೊಂದನ್ನೇ ಕೆರೆದು ತೆಗೆದರು, ಬೇರೆ ಗೂಡುಗಳಲ್ಲಿ ಮರಿ ಮಿಸುಕಿದವು, ಕೊನೆಯದರಲ್ಲಿ ಇಲ್ಲ, ಆ ಮರಿಯನ್ನು ಅಂಗೈ ಮೇಲಿಟ್ಟುಕೊಂಡು, ಯಾವ ಪಾಪಿ ಕೈ ತಾತ ಇದು ಅಂದರು, ಅವನು ಹೌದು ಹೌದು ಎಂದು ತಲೆಯಾಡಿಸಿದ, ತಲೆಯಾಡಿಸಿದ! — ಕೋಣೆಯೊಳಗೆ ಮೇಡಂ ಷಡ್ಡಕನಿಗೆ, ನಾಳೆಯಿಂದ ಬರ್ಬೇಡಿ ನೀವು, ಬೇರೆಯವರನ್ನ ನೋಡ್ಕೋತೀನಿ, ಮನೆಗೆ ಹೋದರೆ ಹೆಂಡತಿ, ನನ್ನ ತಂಗಿ ಗಂಡನ ತಲೆಗೆ ಕಟ್ಟಿ ಬಂದ್ರಾ ಅಂತಾಳೆ, ಬಾಗಿಲಿಗೆ ನಾಲ್ಕು ಹೆಜ್ಜೆ, ನಾನೇ ಮೇಡಂ, ಎರಡೇ ಮಾತು, ಕಲ್ಲು ಹೊತ್ತವನಿಗೆ ಎರಡು ಮಾತು ಭಾರವೇ, ನಲ್ಲಿ ನಿಲ್ಲಿಸಿದ, ಬಾಗಿಲ ತನಕ ಬಂದ, ಮೇಡಂ ತಿರುಗಿದರು, ಏನು ತಾತ? ಬಾಯಿ ತೆರೆದ, ಗಂಟಲಲ್ಲಿ ಜೇಡಿಯ ಉಂಡೆ, ನುಣ್ಣಗೆ, ಕನ್ನಡಿ ಹಾಗೆ, ಕೊಕ್ಕಿನಲ್ಲಿ ಜೇನುನೊಣ, ಬಂದು ಬಡಿದು, ಹಿಂದೆ ಸರಿದು, ಮತ್ತೆ ಬಡಿದು, ಮತ್ತೆ —