ಕೆರೆಯದೆ ಇಟ್ಟ ಹಲಗೆ

“ಆ ಹಿಡಿ ಬಿಡು, ಎಯ್ಲಿಫ್.”

ಶವಪೆಟ್ಟಿಗೆ ಎತ್ತಲು ಬಗ್ಗಿದ್ದ ಎಯ್ಲಿಫ್ ಹಾಗೇ ನಿಂತ. ಹೊರಲು ಆರು ಜನ ಬೇಕು. ಯಾರೂ ಕರೆಯದಿದ್ದರೂ ಮುಂದಿನ ಹಿಡಿಗೇ ಕೈ ಹಾಕಿದ್ದ.

“ತೋರ್ಗೈರ್ ನನ್ನ ಜೀವದ ಗೆಳೆಯ ಕಣಮ್ಮಾ, ಗುನ್ವೊರ್.”

“ಗೊತ್ತು. ಬಿಡು.”

ಸತ್ತವನ ಹೆಂಡತಿಯ ಮಾತು, ಯಾರು ಎದುರಾಡುತ್ತಾರೆ? ಮಗಳು ಮಾರಿತ್ ಬಂದು ಆ ಹಿಡಿ ಹಿಡಿದಳು. ಎಯ್ಲಿಫ್ ಮುಖ ಚಿಕ್ಕದು ಮಾಡಿಕೊಂಡು ಹಿಮದ ಹಾದಿಯಲ್ಲಿ ಹಿಂದೆ ನಡೆದ.

ಮಣ್ಣು ಮಾಡಿದ ಮೇಲೆ ಎಲ್ಲರೂ ಚರ್ಚಿನ ಪಕ್ಕದ ಮನೆಗೆ ಕಾಫಿಗೆ ಬಂದರು. ಕೆನೆ ಕೇಕು ತಟ್ಟೆಗೆ ಬಿದ್ದದ್ದೇ ತಡ, ಎಯ್ಲಿಫ್ ಚಮಚದಿಂದ ಕಪ್ಪು ತಟ್ಟಿ ಎದ್ದ. ಮಾತಿನ ಚಟ!

“ಇವನಂಥ ದಮ್ಮು ಈ ಕಣಿವೇಲೇ ಯಾರಿಗೂ ಇರ್ಲಿಲ್ಲ. ನಾರ್ವೆ ಸ್ಕೀ ತಂಡಕ್ಕೆ ಹೋಗ್ಬೇಕಾದವ್ನು. ಆದ್ರೆ ಆ ಐವತ್ತು ಕಿಲೋಮೀಟರ್ ಪಂದ್ಯದಲ್ಲಿ, ಏರು ಬಂದಾಗ ಎದೆ ಸಾಲ್ಲಿಲ್ಲ, ಪಾಪ.”

ಪಾಪವಂತೆ! ನಲವತ್ತಾರು ವರ್ಷದಿಂದ ಇದೇ ರಾಗ. ತೋರ್ಗೈರ್ ಹಾಲಿನ ಲಾರಿ ಓಡಿಸಿಕೊಂಡಿದ್ದಾಗ ಅಂಗಡಿಯ ಮುಂದಿನ ಜನ “ಏರು ಬಂತು, ತಳ್ಳೋಣ್ವಾ?” ಎಂದು ಕೂಗುತ್ತಿದ್ದರು. ಅವನು ನಕ್ಕು ಗೇರು ಬದಲಿಸುತ್ತಿದ್ದ.

*

ಆ ಪಂದ್ಯದ ದಿನ ತೋರ್ಗೈರನ ಸ್ಕೀ ಹಲಗೆಗಳಿಗೆ ಮೇಣ ಹಚ್ಚಿದವನು ಎಯ್ಲಿಫ್. ಏರಿನಲ್ಲಿ ಹಲಗೆ ಹಿಂದಕ್ಕೆ ಜಾರದಂತೆ ಹಿಮವನ್ನು ಕಚ್ಚಿ ಹಿಡಿಯುವುದು ಒಂದು ಬಗೆಯ ನೀಲಿ ಮೇಣ. ಮೂವತ್ತು ಕಿಲೋಮೀಟರಿನವರೆಗೆ ತೋರ್ಗೈರನೇ ಮುಂದು. ಆಮೇಲೆ ಒಂದು ಹೆಜ್ಜೆ ಹತ್ತಿದರೆ ಎರಡು ಹೆಜ್ಜೆ ಜಾರಿದ. ಕೋಲುಗಳನ್ನು ಊರಿ ತೋಳಿನ ಬಲದಲ್ಲೇ ಮುಗಿಸಿದ, ಮೂವತ್ತೊಂದನೆಯವನಾಗಿ. ತಂಡಕ್ಕೆ ಆಯ್ಕೆಯಾದವನು ಎಯ್ಲಿಫನ ತಮ್ಮ.

ಮನೆಗೆ ಬಂದವನೇ ತೋರ್ಗೈರ್ ಹಲಗೆಯ ಅಂಚನ್ನು ಉಗುರಿನಿಂದ ಕೆರೆದು ಮೂಸಿದ. ಗುನ್ವೊರಳಿಗೂ ತೋರಿಸಿದ.

“ಹೋಗಿ ಅವನ ಕೊರಳಪಟ್ಟಿ ಹಿಡಿ!” ಎಂದಳು ಅವಳು.

“ಸೋತವ್ನು ಏನ್ ಹೇಳಿದ್ರೂ ನೆಪ ಅಂತಾರೆ. ಇದನ್ನ ಹೀಗೇ ಇಡು.”

ಕಳೆದ ವಾರ ಆಸ್ಪತ್ರೆಯಲ್ಲಿ ತೋರ್ಗೈರ್ ಅವಳ ಕೈ ಹಿಡಿದು ಹೇಳಿದ್ದು ಒಂದೇ: “ಕಾಫಿ ಹೊತ್ನಲ್ಲಿ ಅವನು ಎದ್ದು ಮಾತಾಡೇ ಆಡ್ತಾನೆ. ಮುಗಿಸ್ಲಿ. ಆಮೇಲೆ ಕೆರಿ.”

*

“ಮುಗೀತಾ?” ಎಂದಳು ಗುನ್ವೊರ್.

ಮನೆಯಿಂದ ತಂದು ಬಾಗಿಲ ಹಿಂದಿಟ್ಟಿದ್ದ ಆ ಹಲಗೆಯನ್ನು ಎತ್ತಿ ಎಯ್ಲಿಫನ ಮುಂದೆ ಬೋರಲು ಹಾಕಿದಳು.

“ನೀನೇ ಹಚ್ಚಿದ್ದು. ಗುರುತು ಸಿಕ್ತಾ?”

“ಸಾವಿನ ದಿನ ಇದೆಲ್ಲಾ ಯಾಕೆ...”

“ಕೂತ್ಕೋ.”

ಮೇಣ ಕೆರೆಯುವ ಪಟ್ಟಿ ಒತ್ತಿ ಎಳೆದಳು. ಅಂಚಿನಲ್ಲಿ ಮೊದಲು ನೀಲಿ ಎದ್ದಿತು, ತೆಳ್ಳಗೆ. ಅದರ ಕೆಳಗೆಲ್ಲ ಬಿಳಿ. ಪಂದ್ಯಗಳ ಹಳೆಯ ತೀರ್ಪುಗಾರ ಓಸ್ಮುಂಡ್ ಒಂದು ಚೂರನ್ನು ಬೆರಳಲ್ಲಿ ತಿಕ್ಕಿ ಮೂಸಿದ.

“ಮೇಣದಬತ್ತಿ!” ಎಂದ. “ಮೇಲೆ ಮಾತ್ರ ನೀಲಿ ಸವರಿದಾನೆ. ಅದು ಸವೆದ್ಮೇಲೆ ದೇವ್ರೇ ನಿಂತ್ರೂ ಜಾರ್ತಾನೆ. ಥೂ, ನಿನ್ನ!”

ಎಯ್ಲಿಫ್ ಕೋಟಿಗೆ ಕೈಚಾಚಿದ. ಬೆಂಚಿನಲ್ಲಿ ಕೂತಿದ್ದವರು ಯಾರೂ ಮೊಣಕಾಲು ಸರಿಸಿ ದಾರಿ ಕೊಡಲಿಲ್ಲ. ಮಾರಿತ್ ಅವನ ಕಪ್ಪಿಗೆ ಬಿಸಿ ಕಾಫಿ ಬಗ್ಗಿಸಿದಳು.

“ಕುಡಿದು ಹೋಗು,” ಎಂದಳು ಗುನ್ವೊರ್.

ಅವಳು ಕೆರೆಯುವುದನ್ನು ನಿಲ್ಲಿಸಲಿಲ್ಲ. ಬಿಳಿ ಚೂರುಗಳು ಅವನ ಕಪ್ಪಿಗೆ ಉದುರಿ, ಕರಗಿ, ಕಾಫಿಯ ಮೇಲೆ ಪೊರೆ ಕಟ್ಟುತ್ತಿದ್ದವು.