ಮರಿ ನುಂಗೋ ಮೀನು

ಯಂಕಪ್ಪ ದುರ್ಗವ್ವನ ಮೀನಿನ ಬುಟ್ಟಿಯನ್ನು ಕಾಲಿನಿಂದ ಅತ್ತ ಸರಿಸಿದ. ನಾಲತವಾಡದ ಸಂತೆಯಲ್ಲಿ ಜಕಾತಿ ಎತ್ತುವವನು ಅವನು. ಯಾರು ಎಲ್ಲಿ ಕೂರಬೇಕೆಂಬುದು ಅವನ ಬಾಯಲ್ಲಿತ್ತು. ಅವಳು ಮಾರುವ ಜಿಲೇಬಿ ಮೀನು ತನ್ನ ಮರಿಗಳನ್ನೇ ತಿನ್ನುತ್ತದೆ, ಸೀಳಿದಾಗ ಬಾಯೊಳಗೆ ಮರಿ ಕಂಡೆ, ಇಂಥ ಪಾಪದ ಮೀನು ಸಂತೆಗೆ ಬೇಡ ಎಂದು ವಾರದಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಅಷ್ಟಕ್ಕೇ ಬಿಡಲಿಲ್ಲ.

"ಮಕ್ಕಳ್ನ ನುಂಗಿದಾಕಿ, ಮಕ್ಕಳ್ನ ನುಂಗೋ ಮೀನಾ ಮಾರಾಕತ್ತಾಳ," ಎಂದ, ಎಲ್ಲರಿಗೂ ಕೇಳುವಂತೆ.

ದುರ್ಗವ್ವನ ಎರಡು ಕೂಸುಗಳು ವಾಂತಿಭೇದಿಯಲ್ಲಿ ತೀರಿಹೋಗಿದ್ದವು. ಆ ಮಾತನ್ನು ಬೆನ್ನ ಹಿಂದೆ ಕೇಳಿದ್ದಳು. ಮುಖಕ್ಕೆ ಯಾರೂ ಅಂದಿರಲಿಲ್ಲ. ಹಿಂದಿನ ಬರದಲ್ಲಿ ಕೆರೆ ಕೆಸರಾಗಿ ಮಿಕ್ಕ ಮೀನುಗಳೆಲ್ಲ ಸತ್ತು ತೇಲಿದಾಗ ಉಳಿದದ್ದು ಇದೊಂದೇ, ಸರ್ಕಾರದವರು ಎಲ್ಲಿಂದಲೋ ತಂದು ಬಿಟ್ಟ ಪರದೇಶಿ ಮೀನು. ಅವಳ ಒಲೆ ಹೊತ್ತಿಸಿದ್ದೂ ಅದೇ, ಯಂಕಪ್ಪನ ಸಾರಿಗೆ ಬಿದ್ದದ್ದೂ ಅದೇ. ಉಂಡ ಮನೆಯ ಜಂತಿ ಎಣಿಸುವುದೆಂದರೆ ಇದು.

ಜಗಳ ಆಗಿಯೇ ತೀರುತ್ತದೆಂದು ಅವಳು ಒಂದು ಮೀನನ್ನು ಕೊಡದ ನೀರಿನಲ್ಲಿ ಜೀವಂತ ತಂದಿದ್ದಳು. ಪಕ್ಕದಲ್ಲಿ ಕಾಯಿಪಲ್ಲೆ ಮಾರುವ ಸಾತವ್ವನ ಅಗಲ ಪರಾತ ಇಸಿದುಕೊಂಡು ಮೀನನ್ನು ನೀರುಸಮೇತ ಅದರಲ್ಲಿ ಸುರಿದಳು. ಮಂದಿ ಸುತ್ತುಗಟ್ಟಿತು. ತುಸು ಹೊತ್ತಿಗೆ ಮೀನು ಬಾಯಿ ತೆರೆಯಿತು. ಸಾಸಿವೆ ಚೆಲ್ಲಿದಂತೆ ಮರಿಗಳು ಹೊರಬಿದ್ದವು.

ಯಂಕಪ್ಪ ಬಗ್ಗಿ ನೋಡಿದ. ಅವನ ನೆರಳು ನೀರಿಗೆ ಬಿದ್ದದ್ದೇ ತಡ, ಮರಿಗಳೆಲ್ಲ ಓಡಿ ತಾಯಿಯ ಬಾಯಿ ಹೊಕ್ಕವು. ಬಾಯಿ ಮುಚ್ಚಿತು.

"ನೋಡ್ರಿ, ನಿಮ್ಮ ಕಣ್ಣಮುಂದನ ನುಂಗಿತು," ಎಂದ. ಮಂದಿ ನಕ್ಕಿತು.

ದುರ್ಗವ್ವ ಎದ್ದು ನಿಂತಳು. ಅವನನ್ನು ಅವಳು ಎಂದೂ ಏಕವಚನದಲ್ಲಿ ಕರೆದಿರಲಿಲ್ಲ.

"ನಿನ್ನ ನೆಳ್ಳ ತಗಿ, ಯಂಕಪ್ಪ."

ಅವನು ಅಲ್ಲಾಡಲಿಲ್ಲ. ಅವಳೂ ಅಲ್ಲಾಡಲಿಲ್ಲ. ಕೊನೆಗೆ ಸಾತವ್ವನೇ ಅತ್ತ ಸರಿಯಪ್ಪಾ, ನೋಡೋಣ ಎಂದಾಗ ಒಂದು ಹೆಜ್ಜೆ ಹಿಂದೆ ಹೋದ. ನೀರಿಗೆ ಬಿಸಿಲು ಬಿತ್ತು. ಬಾಯಿ ಮೆಲ್ಲಗೆ ತೆರೆಯಿತು. ಮರಿಗಳು ಒಂದೊಂದಾಗಿ ಹೊರಗೆ ಬಂದವು. ಈಗ ಯಾರೂ ನಗಲಿಲ್ಲ.

"ಅಂಜಿಕಿ ಬಂದ್ರ ಬಾಯಾಗ ಇಟ್ಕೊಂಡು ಕಾಯ್ತೈತಿ," ಎಂದಳು ದುರ್ಗವ್ವ. "ನನಗ ಅಂಥಾ ಬಾಯಿ ಇರಲಿಲ್ಲ."

ಬುಟ್ಟಿಯನ್ನು ಮೊದಲಿನ ಜಾಗಕ್ಕೇ ಎಳೆದುಕೊಂಡು ಕೂತಳು. ಬರುವ ವಾರವೂ ಇಲ್ಲೇ ಕೂರುತ್ತೇನೆ ಎಂದಳು, ಯಾರೂ ಕೇಳದಿದ್ದರೂ. ಒಬ್ಬಾಕೆ ಪರಾತದ ಮೀನಿಗೆ ಬೆಲೆ ಕೇಳಿದಾಗ ಅದನ್ನು ಮಾರುವುದಿಲ್ಲ, ಕೆರೆಗೆ ಬಿಡುತ್ತೇನೆ ಎಂದಳು.

ಮಧ್ಯಾಹ್ನ ಯಂಕಪ್ಪ ಜಕಾತಿಗೆ ಬಂದ. ಪರಾತವನ್ನು ಸುತ್ತಿ ಆಚೆ ಬದಿಗೆ ಹೋಗಿ, ನೆರಳು ನೀರಿಗೆ ಬೀಳದಂತೆ ನಿಂತು, ಕೈ ಚಾಚಿದ.